ಮಕ್ಕಳ ಕೈಗೆ ಕೆಲಸ, ದೊಡ್ಡವರ ಕೈಗೆ ಬಿಡುವು

ಜ್ಯೇಷ್ಠ ಮಾಸದ ಅಮಾವಾಸ್ಯೆ ಹತ್ತಿರವಾದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಎರೆಮಣ್ಣು ನೆನೆಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕೆಲಸ ಎಷ್ಟೋ ಮನೆಗಳಲ್ಲಿ ಮಕ್ಕಳ ಪಾಲಿನದು. ಮಣ್ಣಿನಲ್ಲಿರುವ ಕಲ್ಲು, ಕಸ ಆರಿಸಿ, ನೀರು ಚಿಮುಕಿಸಿ, ನಾದಿ ಹದಕ್ಕೆ ತಂದುಕೊಟ್ಟರೆ ದೊಡ್ಡವರ ಕೆಲಸ ಮುಗಿಯಿತು. ಮಗು ಮಾಡಿದ ಮೊದಲ ಎತ್ತು ನಿಲ್ಲುವುದಿಲ್ಲ. ಮೈ ದಪ್ಪ, ಕಾಲು ಸಣ್ಣ; ನೋಡನೋಡುತ್ತ ಕುಸಿಯುತ್ತದೆ. ಎರಡನೆಯದಕ್ಕೆ ಕಾಲು ಮೋಟಾಗುತ್ತದೆ, ಇಲ್ಲವೇ ಕಾಲಿನೊಳಗೊಂದು ಕಡ್ಡಿ ಸೇರುತ್ತದೆ. ಒಣಗುವಾಗ ಕೋಡು ಬಿರುಕು ಬಿಟ್ಟರೆ ನೀರು ಹೆಚ್ಚಾಯಿತೆಂದು ತಿಳಿಯುತ್ತದೆ. ಕಣ್ಣಿಗೆ ಜೋಳದ ಕಾಳು, ಮುಂದೊಂದು ಗ್ವಾದಲಿ, ಅದರೊಳಗೆ ನಾಲ್ಕೆಳೆ ಹುಲ್ಲು. ಮುಂದೆ ಆಷಾಢದ ಮಂಗಳವಾರಗಳಲ್ಲಿ ಇದೇ ಮಣ್ಣು ಗುಳ್ಳವ್ವನ ಗೊಂಬೆಯಾಗುತ್ತದೆ.

ಈಗ ಅಚ್ಚಿನಲ್ಲಿ ತೆಗೆದು ಬಣ್ಣ ಬಳಿದ ಎತ್ತುಗಳು ಸಂತೆಯಲ್ಲೇ ಸಿಗುತ್ತವೆ. ಪೂಜೆಗೆ ಅವೂ ಆದೀತು. ಆದರೆ ಕುಸಿದ ಎತ್ತನ್ನು ಮತ್ತೆ ಮುದ್ದೆ ಮಾಡಿ ಹೊಸದಾಗಿ ಕಟ್ಟಿದ ಮಗುವಿಗೆ ಸಿಕ್ಕ ತಿಳಿವಳಿಕೆ ಅಚ್ಚಿನ ಎತ್ತನ್ನು ಹಿಡಿದುಕೊಂಡು ಬಂದ ಮಗುವಿಗೆ ಸಿಗುವುದಿಲ್ಲ.

ಮನೆಯಲ್ಲಿ ಮಕ್ಕಳ ಸೃಜನಶೀಲತೆಯನ್ನು ಬೆಳೆಸುವುದು ಹೇಗೆಂದು ಕೇಳುವ ತಂದೆತಾಯಿಗೆ ನಾನು ಹೇಳುವುದು ಇಷ್ಟು: ಸಾಮಾನು ಕೊಡಿ, ಸಮಯ ಕೊಡಿ, ಆಮೇಲೆ ನಿಮ್ಮ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಮೂರರಲ್ಲಿ ಕಷ್ಟದ್ದು ಕೊನೆಯದು. ಮಗು ತಡಕಾಡುವುದನ್ನು ನೋಡಿಕೊಂಡು ಸುಮ್ಮನಿರುವುದು ಪ್ರೀತಿ ಇದ್ದವರಿಗೇ ಹೆಚ್ಚು ಕಷ್ಟ. ಅದನ್ನು ಅಭ್ಯಾಸ ಮಾಡಿಕೊಳ್ಳಲು ನೆರವಾಗುವ ಕೆಲವು ದಾರಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನವು ಮೂರರಿಂದ ಹತ್ತು ವರ್ಷದ ಮಕ್ಕಳಿಗೆ ಹೊಂದುವಂಥವು.

ಒಂದು ಮಾತು ಮೊದಲೇ ಹೇಳಬೇಕು. ಸೃಜನಶೀಲ ಮಗು ಎಂದಾಕ್ಷಣ ಚಿತ್ರ ಬರೆಯುವ, ಹಾಡುವ, ವೇದಿಕೆ ಹತ್ತುವ ಮಗು ನಮ್ಮ ಕಣ್ಣಮುಂದೆ ಬರುತ್ತದೆ. ದಿಂಬುಗಳನ್ನು ಒಟ್ಟಿ ಬಸ್ಸು ಮಾಡಿ ತಮ್ಮನಿಗೆ ಟಿಕೆಟ್ ಹರಿದುಕೊಡುವ ಮಗುವೂ ಅಷ್ಟೇ ಸೃಜನಶೀಲ. ಹರಿದ ಚಪ್ಪಲಿಗೆ ಪಿನ್ನು ಸಿಕ್ಕಿಸಿ ನಡೆದುಬಿಡುವ ಹುಡುಗ, ಚೌಕಾಬಾರಕ್ಕೆ ಹೊಸ ನಿಯಮ ಕಟ್ಟಿ ಗೆಳತಿಯರನ್ನು ಒಪ್ಪಿಸುವ ಹುಡುಗಿ, ಇವರೂ ಅದೇ ಸಾಲಿನವರು. ಹಾಗಾಗಿ ‘ನಮ್ಮ ಮಗುವಿಗೆ ಡ್ರಾಯಿಂಗ್ ಬರಲ್ಲ’ ಎಂದು ಯಾರೂ ಕೈಚೆಲ್ಲಬೇಕಾಗಿಲ್ಲ.

ಬಾಯಿಗೆ ಬರುವ ಮಾತು

ಮಗು ಹಾಳೆಯೊಂದನ್ನು ಹಿಡಿದು ಓಡಿಬರುತ್ತದೆ. ನಮ್ಮ ಬಾಯಿಂದ ಬರುವ ಮೊದಲ ಮಾತು ಎರಡರಲ್ಲೊಂದು. ‘ಇದೇನಿದು?’ ಅಥವಾ ‘ವಾವ್, ಸೂಪರ್!’ ಮೊದಲನೆಯದು ಮಗುವನ್ನು ಕುಗ್ಗಿಸುತ್ತದೆ. ತನಗೆ ಸ್ಪಷ್ಟವಾಗಿ ಆನೆಯಾಗಿ ಕಂಡದ್ದು ಅಮ್ಮನಿಗೆ ಕಾಣಲಿಲ್ಲವಲ್ಲ! ಎರಡನೆಯದು ಕೇಳಲು ಹಿತ, ಆದರೆ ಹಾಳೆಯನ್ನು ನೋಡದೆಯೂ ಹೇಳಬಹುದಾದ ಮಾತು ಅದು. ಮಕ್ಕಳಿಗೆ ಇದು ಬೇಗ ಗೊತ್ತಾಗುತ್ತದೆ.

ಇದರ ಬದಲು ಕಂಡದ್ದನ್ನು ಹೇಳಿ. ‘ಈ ಮೂಲೆಯಿಂದ ಆ ಮೂಲೆವರೆಗೂ ನೀಲಿ ಹಚ್ಚಿದ್ದೀಯ.’ ‘ಇಲ್ಲಿ ತುಂಬ ಒತ್ತಿ ಬರೆದಿದ್ದೀಯ, ಹಾಳೆ ಹಿಂದೆಲ್ಲ ಉಬ್ಬಿದೆ.’ ‘ಇದರ ಬಗ್ಗೆ ಸ್ವಲ್ಪ ಹೇಳು.’ ಅಷ್ಟು ಸಾಕು, ಮಗು ಹತ್ತು ನಿಮಿಷ ಕಥೆ ಹೇಳುತ್ತದೆ. ಆ ಕಥೆಯಲ್ಲಿ ಹಾಳೆಯ ಮೇಲೆ ಇಲ್ಲದ್ದೂ ಎಷ್ಟೋ ಇರುತ್ತದೆ.

ಬಹುಮಾನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮನೋವಿಜ್ಞಾನಿಗಳು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸಲು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿಕೊಂಡು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟರು. ಇನ್ನೊಂದಕ್ಕೆ ಏನೂ ಹೇಳದೆ, ಬರೆದಾದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟು ನೋಡಿದಾಗ, ಮೊದಲೇ ಮಾತು ಕೊಟ್ಟಿದ್ದ ಗುಂಪಿನವರು ಉಳಿದವರ ಸುಮಾರು ಅರ್ಧದಷ್ಟು ಸಮಯವನ್ನು ಮಾತ್ರ ಚಿತ್ರಕ್ಕೆ ಕೊಟ್ಟರು. ಇಷ್ಟಪಟ್ಟು ಮಾಡುತ್ತಿದ್ದ ಆಟ ಸಂಬಳದ ಕೆಲಸವಾಗಿತ್ತು. ಆದ್ದರಿಂದ ‘ಚೆನ್ನಾಗಿ ಬರೆದರೆ ಚಾಕೊಲೇಟ್’ ಎಂಬ ಕರಾರು ಬೇಡ. ಮಾಡಿ ಮುಗಿಸಿದ ಮೇಲೆ ಎಲ್ಲರೂ ಕೂತು ಚಕ್ಕುಲಿ ತಿಂದರೆ ಅದರಿಂದ ತೊಂದರೆಯಿಲ್ಲ.

ಹೋಲಿಕೆಯ ಮಾತಂತೂ ಬೇಡವೇ ಬೇಡ. ‘ಅಕ್ಕ ನೋಡು ಹೇಗೆ ಗೆರೆ ದಾಟದೆ ಬಣ್ಣ ತುಂಬಿದ್ದಾಳೆ’ ಎಂದ ಮೇಲೆ ತಂಗಿ ಪೆನ್ಸಿಲ್ ಮುಟ್ಟುವುದನ್ನೇ ಬಿಟ್ಟ ಮನೆಗಳನ್ನು ನೋಡಿದ್ದೇನೆ.

ಗೀಚಾಟದಿಂದ ಕಾಗೆಯವರೆಗೆ

ಚಿತ್ರ ಬರೆಯುವುದರಲ್ಲಿ ಮಕ್ಕಳು ದಾಟಿಬರುವ ಹಂತಗಳು ಗೊತ್ತಿದ್ದರೆ ನಾವು ಅನಗತ್ಯವಾಗಿ ತಿದ್ದುವುದು ತಪ್ಪುತ್ತದೆ. ಒಂದೂವರೆ, ಎರಡು ವರ್ಷಕ್ಕೆ ಗೀಚಾಟ. ಅದು ಕೈ ಮತ್ತು ಕಣ್ಣಿನ ಪಾಠ. ಸೀಮೆಸುಣ್ಣ ಎಳೆದಲ್ಲೆಲ್ಲ ಗುರುತು ಉಳಿಯುತ್ತದೆ ಎಂಬ ಬೆರಗೇ ಆಗ ದೊಡ್ಡದು. ಮೂರರ ಹೊತ್ತಿಗೆ ಮುಚ್ಚಿದ ವೃತ್ತ ಬರುತ್ತದೆ. ಆಮೇಲೆ ಆ ವೃತ್ತಕ್ಕೆ ಎರಡು ಕಣ್ಣು, ಕೆಳಗೆ ನೇರ ಎರಡು ಕಾಲು. ಹೊಟ್ಟೆ ಇಲ್ಲ, ಕೈಗಳು ತಲೆಯಿಂದಲೇ ಹೊರಟಿರುತ್ತವೆ. ಜಗತ್ತಿನ ಎಲ್ಲ ಕಡೆಯ ಮಕ್ಕಳೂ ಹೆಚ್ಚುಕಡಿಮೆ ಹೀಗೇ ಬರೆಯುತ್ತಾರೆ. ‘ಹೊಟ್ಟೆ ಎಲ್ಲಿ?’ ಎಂದು ಕೇಳಬೇಡಿ, ಅದು ತಾನಾಗಿ ಬರುತ್ತದೆ. ಐದಾರು ವರ್ಷಕ್ಕೆ ಹಾಳೆಯ ಕೆಳಗೊಂದು ನೆಲದ ಗೆರೆ, ಮೇಲೊಂದು ಆಕಾಶದ ಗೆರೆ ಹುಟ್ಟುತ್ತವೆ. ಮನೆಗಿಂತ ಅಜ್ಜಿ ಎತ್ತರ ಇರಬಹುದು. ಮಗುವಿನ ಮನಸ್ಸಿನಲ್ಲಿ ಅಜ್ಜಿಯ ಅಳತೆ ಅದೇ.

ನಿಜವಾದ ಗಂಡಾಂತರ ಬರುವುದು ಒಂಬತ್ತು, ಹತ್ತರ ವಯಸ್ಸಿನಲ್ಲಿ. ಆಗ ಮಕ್ಕಳಿಗೆ ‘ಕಂಡ ಹಾಗೇ’ ಬರೆಯಬೇಕು ಎನಿಸುತ್ತದೆ, ಕೈ ಮಾತು ಕೇಳುವುದಿಲ್ಲ. ಬಹಳ ಮಂದಿ ಪೆನ್ಸಿಲ್ ಕೆಳಗಿಡುವುದು ಇಲ್ಲಿಯೇ. ಈ ವಯಸ್ಸಿನಲ್ಲಿ ಮಾತ್ರ ನಾನು ನೆರವಿನ ಪರ. ನೆರವೆಂದರೆ ನಕಲು ಮಾಡಲು ಚಿತ್ರ ಕೊಡುವುದಲ್ಲ, ನೋಡುವುದನ್ನು ಕಲಿಸುವುದು. ಒಂದು ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ ಮುಂದಿಡಿ. ಹಾಳೆ ನೋಡದೆ, ಬೆಂಡೆಕಾಯಿಯನ್ನೇ ನೋಡುತ್ತ ಅದರ ಅಂಚಿನ ಗುಂಟ ಪೆನ್ಸಿಲ್ ಓಡಿಸಲು ಹೇಳಿ. ಗೆರೆ ಸೊಟ್ಟಗಾಗುತ್ತದೆ, ಎಲ್ಲರೂ ನಗುತ್ತಾರೆ, ಆದರೆ ಅದರ ಐದು ಮೂಲೆ, ಒಳಗಿನ ಬೀಜದ ಕೋಣೆಗಳು ಮೊದಲ ಸಲ ಕಣ್ಣಿಗೆ ಬೀಳುತ್ತವೆ.

ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಇದಕ್ಕೆ ಒಳ್ಳೆಯ ಉದಾಹರಣೆ. 1921ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆಲ್ಲ ಬರೆದವರು. ಕಿಟಕಿಯಾಚೆ ಕಂಡ ಒಣಗಿದ ರೆಂಬೆ, ಕಟ್ಟಿಗೆ ಒಡೆಯುವ ಆಳು, ಎದುರು ಮನೆಯ ಮಾಡಿನ ಮೇಲೆ ಕೂತ ಕಾಗೆಗಳು ಅವರ ಪಾಠದ ಪುಸ್ತಕಗಳಾಗಿದ್ದವು. ಶಾಲೆಯಲ್ಲಿ ಬರೆದ ಒಂದು ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿದ್ದನ್ನು ಅವರು ಮುಂದೆಯೂ ನೆನೆದರು. ಮುಂದೆ ಮುಂಬೈನ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಆದರೆ ಕಾಗೆಯನ್ನು ಅವರ ಹಾಗೆ ನೋಡಿದ ಇನ್ನೊಬ್ಬ ಚಿತ್ರಕಾರ ನಮ್ಮಲ್ಲಿಲ್ಲ. ಮನೆಯವರು ಗೋಡೆಯನ್ನೇ ಮುಖ್ಯ ಮಾಡಿಕೊಂಡಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ.

ಬಾಡಿಗೆ ಮನೆಯವರಿಗೆ ಗೋಡೆ ನಿಜಕ್ಕೂ ಸಮಸ್ಯೆಯೇ. ಖಾಕಿ ಕಾಗದದ ಸುರುಳಿಯನ್ನು ಮಗುವಿನ ಎತ್ತರಕ್ಕೆ ಗೋಡೆಗೆ ಅಂಟಿಸಿಬಿಡಿ. ತುಂಬಿದ ಮೇಲೆ ಬದಲಿಸಿ. ಅಂಗಳ, ತಾರಸಿ ಇದ್ದವರು ಸೀಮೆಸುಣ್ಣ ಕೊಟ್ಟು ನೆಲ ಬಿಟ್ಟುಕೊಡಬಹುದು, ಒಂದು ಚೆಂಬು ನೀರಿಗೆ ಎಲ್ಲ ಹೋಗುತ್ತದೆ. ಬಿಸಿಲಿನ ಕಲ್ಲಿನ ಮೇಲೆ ಬರೀ ನೀರಿನಲ್ಲಿ ಬ್ರಷ್ ಅದ್ದಿ ಬರೆದರೂ ಆಯಿತು. ಸ್ವಲ್ಪ ಹೊತ್ತಿಗೆ ಚಿತ್ರ ಆರಿ ಮಾಯವಾಗುತ್ತದೆ. ಚಿಕ್ಕ ಮಕ್ಕಳಿಗೆ ಅದೇ ದೊಡ್ಡ ಖುಷಿ.

ಬಣ್ಣ ತುಂಬುವ ಪುಸ್ತಕಗಳ ಬಗ್ಗೆ ಕೇಳುವವರಿಗೆ: ಬಸ್ ಪ್ರಯಾಣದಲ್ಲಿ ಒಂದು ಗಂಟೆ ಕಳೆಯಲು ಅವು ಆಗಬಹುದು, ಆದರೆ ಅದನ್ನು ಚಿತ್ರಕಲೆ ಎಂದು ಲೆಕ್ಕ ಹಿಡಿಯಬೇಡಿ. ಅಲ್ಲಿ ನಿರ್ಧಾರಗಳನ್ನೆಲ್ಲ ಬೇರೆ ಯಾರೋ ಮಾಡಿ ಮುಗಿಸಿದ್ದಾರೆ. ಬಿಳಿ ಹಾಳೆಯೇ ಮೇಲು. ಒಂದು ಮಗ್ಗುಲು ಮುದ್ರಣವಾಗಿ ರದ್ದಿಗೆ ಹೋಗುವ ಹಾಳೆಗಳು ಇನ್ನೂ ಮೇಲು, ಏಕೆಂದರೆ ಅವನ್ನು ಹಾಳು ಮಾಡಲು ಮಗು ಹೆದರುವುದಿಲ್ಲ.

ಸೈಕಲ್ ಅಂಗಡಿಯ ಸಾಮಾನು

ಆಟಿಕೆ ಹೆಚ್ಚಿದ್ದಷ್ಟೂ ಆಟ ಹೆಚ್ಚುತ್ತದೆ ಎಂಬ ನಂಬಿಕೆ ಸುಳ್ಳು. ಅಮೆರಿಕದ ಟೊಲೀಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದ ಆಸುಪಾಸಿನ ಮಕ್ಕಳನ್ನು ಒಮ್ಮೆ ನಾಲ್ಕು ಆಟಿಕೆಗಳ ಜೊತೆ, ಇನ್ನೊಮ್ಮೆ ಹದಿನಾರರ ಜೊತೆ ಆಡಲು ಬಿಟ್ಟರು. ನಾಲ್ಕೇ ಇದ್ದಾಗ ಒಂದೊಂದರ ಜೊತೆಗೂ ಮಕ್ಕಳು ಹೆಚ್ಚು ಹೊತ್ತು ಕಳೆದರು, ಒಂದನ್ನೇ ಹಲವು ಬಗೆಯಲ್ಲಿ ಬಳಸಿದರು. ಇರುವ ಆಟಿಕೆಗಳಲ್ಲಿ ಮುಕ್ಕಾಲು ಪಾಲನ್ನು ಅಟ್ಟಕ್ಕೆ ಹಾಕಿ, ತಿಂಗಳಿಗೊಮ್ಮೆ ಅದಲುಬದಲು ಮಾಡಿದರೆ ಹೊಸದು ಕೊಳ್ಳುವ ಖರ್ಚೇ ಇಲ್ಲ.

ಆ ಆಟಿಕೆಗಳ ಜಾಗಕ್ಕೆ ಬರಬೇಕಾದದ್ದು ಒಂದು ಡಬ್ಬ. ರಟ್ಟಿನ ಪೆಟ್ಟಿಗೆ, ತೆಂಗಿನ ಚಿಪ್ಪು, ಬಟ್ಟೆ ಚೂರು, ಗುಂಡಿ, ಹುಣಸೆ ಬೀಜ, ಕಡ್ಡಿಪೆಟ್ಟಿಗೆ, ಬಾಟಲಿ ಮುಚ್ಚಳ, ದಾರ, ಹಳೆಯ ಮದುವೆ ಪತ್ರಿಕೆ, ಅಡಕೆ ಹಾಳೆ, ಮುರಿದ ಛತ್ರಿಯ ಕಡ್ಡಿ. 1971ರಲ್ಲಿ ಸೈಮನ್ ನಿಕಲ್ಸನ್ ಎಂಬ ಬ್ರಿಟಿಷ್ ಕಲಾವಿದ ಇಂಥ ಬಿಡಿ ವಸ್ತುಗಳ ಬಗ್ಗೆ ಒಂದು ಲೇಖನ ಬರೆದರು. ಸುತ್ತಲೂ ಜರುಗಿಸಬಲ್ಲ, ಜೋಡಿಸಬಲ್ಲ, ಬದಲಿಸಬಲ್ಲ ವಸ್ತುಗಳು ಎಷ್ಟಿವೆಯೋ ಅಷ್ಟೂ ಹೊಸದನ್ನು ಕಟ್ಟುವ ಅವಕಾಶ ಇರುತ್ತದೆ ಎಂಬುದು ಅವರ ವಾದ. ಅಡಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಎಳೆಯುತ್ತಿದ್ದ ಮಲೆನಾಡಿನ ಮಕ್ಕಳಿಗೆ, ತೆಂಗಿನ ಗರಿಯಲ್ಲಿ ಗಿರಗಿಟ್ಲೆ, ಪೀಪಿ ಮಾಡುತ್ತಿದ್ದ ಕರಾವಳಿಯ ಮಕ್ಕಳಿಗೆ ಇದು ಮೊದಲೇ ಗೊತ್ತಿತ್ತು.

ಡಬ್ಬವನ್ನು ಮಗುವಿನ ಕೈಗೆಟುಕುವಲ್ಲಿ ಇಡಿ. ಕೇಳಿ ಪಡೆಯಬೇಕಾದ ಸಾಮಾನು ಅರ್ಧ ಬಳಕೆಯಾಗುವುದಿಲ್ಲ. ಮೂರು ವರ್ಷದೊಳಗಿನ ಕೂಸು ಮನೆಯಲ್ಲಿದ್ದರೆ ಮಾತ್ರ ಗುಂಡಿ, ಬೀಜದಂಥ ಚಿಕ್ಕ ವಸ್ತುಗಳನ್ನು ಮೇಲಿಡಬೇಕು. ಗಡಿಯಾರದ ಗುಂಡಿ ಬ್ಯಾಟರಿ, ಬಿಡಿ ಆಯಸ್ಕಾಂತದ ತುಂಡುಗಳು ಯಾವ ವಯಸ್ಸಿನ ಮಕ್ಕಳ ಡಬ್ಬಕ್ಕೂ ಬೇಡ, ನುಂಗಿದರೆ ಪ್ರಾಣಾಪಾಯ. ಗುಲಗಂಜಿಯೂ ನೋಡಲು ಚೆಂದ, ಆದರೆ ವಿಷದ ಬೀಜ. ಮಣ್ಣೆತ್ತಿಗೆ ಕಣ್ಣಿಡಲು ಜೋಳ ಸಾಕು.

ಕಸದಿಂದ ಆಟಿಕೆ ಮಾಡುವುದರಲ್ಲಿ ಅರವಿಂದ ಗುಪ್ತ ಅವರ ಹೆಸರು ಕೇಳದ ಶಿಕ್ಷಕರು ಕಡಿಮೆ. ಕಾನ್ಪುರದ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿದ ಅವರು 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದ ಜೊತೆ ಕೆಲಸ ಮಾಡಿದರು. ಅಲ್ಲಿನ ಹಳ್ಳಿ ಸಂತೆಯ ಅಗ್ಗದ ಸಾಮಾನಿನಲ್ಲಿ ಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ಆಟಿಕೆ ರೂಪುಗೊಂಡಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಜಾಲತಾಣದಲ್ಲಿ ಪುಸ್ತಕಗಳೂ ವಿಡಿಯೊಗಳೂ ಉಚಿತವಾಗಿ ಸಿಗುತ್ತವೆ. ಈ ಒಂದು ಆಟಿಕೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೂರ ಕೊಂಡೊಯ್ಯುವ ಇನ್ನೊಂದು ಆಟಿಕೆ ನನಗೆ ಗೊತ್ತಿಲ್ಲ.

ಸೈಕಲ್ ರಿಪೇರಿ ಅಂಗಡಿಯಲ್ಲಿ ವಾಲ್ವ್ ಟ್ಯೂಬ್ ಕೇಳಿ. ನೂಡಲ್ಸಿನ ಹಾಗಿರುವ ಸಣ್ಣ ರಬ್ಬರ್ ಕೊಳವೆ ಅದು. ಬೆಂಕಿಕಡ್ಡಿಗಳ ತುದಿಯ ಮದ್ದನ್ನು ದೊಡ್ಡವರೇ ಕೆರೆದು ತೆಗೆಯಿರಿ. ಟ್ಯೂಬನ್ನು ಒಂದೂವರೆ ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ. ಒಂದು ತುಂಡಿನ ಎರಡೂ ಬಾಯಿಗೆ ಒಂದೊಂದು ಕಡ್ಡಿ ತೂರಿಸಿದರೆ ಬಾಗುವ ಕೀಲು ಸಿದ್ಧ. ಮೂರು ಕಡ್ಡಿ, ಮೂರು ಕೀಲು ಸೇರಿದರೆ ತ್ರಿಕೋನ. ನಾಲ್ಕು ಸೇರಿದರೆ ಚೌಕ. ಇಲ್ಲಿಗೆ ನಿಲ್ಲಿಸಿ, ಮಗುವಿನ ಕೈಗೆ ಕೊಡಿ.

ಮಗು ಚೌಕವನ್ನು ಒತ್ತುತ್ತದೆ. ಅದು ವಾಲಿ ಸೊಟ್ಟಗಾಗುತ್ತದೆ. ತ್ರಿಕೋನವನ್ನು ಒತ್ತುತ್ತದೆ. ಜಗ್ಗುವುದಿಲ್ಲ. ಮತ್ತೆ ಚೌಕ, ಮತ್ತೆ ತ್ರಿಕೋನ. ಇದನ್ನು ನಾವು ಬಾಯಿಬಿಟ್ಟು ಹೇಳಿದರೆ ಆ ಕ್ಷಣದ ಸಂತೋಷವನ್ನು ಕದ್ದ ಹಾಗೆ. ಚೌಕವನ್ನು ಗಟ್ಟಿ ಮಾಡುವುದು ಹೇಗೆ ಎಂಬ ಪ್ರಶ್ನೆ ಮಗುವಿನಿಂದಲೇ ಬರಲಿ. ಯಾವಾಗಲೋ ಮೂಲೆಯಿಂದ ಮೂಲೆಗೆ ಒಂದು ಅಡ್ಡಕಡ್ಡಿ ಬೀಳುತ್ತದೆ; ಕಡ್ಡಿ ಗಿಡ್ಡವಾಯಿತೆಂದು ತಿಳಿದು ಪೊರಕೆಯ ಕಡ್ಡಿ ಹುಡುಕಿ ತರುತ್ತದೆ. ಮುಂದೆ, ಕೀಲಿನ ಹೊಟ್ಟೆಗೆ ದಪ್ಪ ಸೂಜಿಯಿಂದ ತೂತು ಮಾಡಿ ಮೂರನೆಯ ಕಡ್ಡಿ ಸಿಕ್ಕಿಸುವುದನ್ನು ಒಮ್ಮೆ ತೋರಿಸಿದರೆ ಸಾಕು. ಇಂಥ ನಾಲ್ಕು ಕೀಲು, ಆರು ಕಡ್ಡಿ ಸೇರಿ ಗೋಪುರವಾಗುತ್ತದೆ. ಅದಾದ ಮೇಲೆ ಊರಿನ ಹಂಚಿನ ಮನೆಯ ಮಾಡು, ಹೊಲದಲ್ಲಿ ನಿಂತ ವಿದ್ಯುತ್ ಗೋಪುರ, ರೈಲು ಸೇತುವೆ ಎಲ್ಲದರಲ್ಲೂ ತ್ರಿಕೋನ ಹುಡುಕುವ ಚಟ ಮಗುವಿಗೆ ಹತ್ತುತ್ತದೆ. ಆರು ವರ್ಷದಿಂದ ಮೇಲಿನವರಿಗೆ ಇದು ಸರಿ.

ಅಡುಗೆಮನೆ, ಅಂಗಳ, ಗೊಂಬೆ ಹಬ್ಬ

ಪ್ರತ್ಯೇಕ ಚಟುವಟಿಕೆಗೆ ಪುರಸೊತ್ತಿಲ್ಲದ ಮನೆಗಳಿಗೆ ದಿನದ ಕೆಲಸವೇ ದಾರಿ. ಚಪಾತಿ ಮಾಡುವಾಗ ಒಂದು ಉಂಡೆ ಹಿಟ್ಟು ಮಗುವಿಗಿರಲಿ. ಹಾವು, ಆಮೆ, ಜಡೆ ಏನಾದರೂ ಆಗಲಿ, ಬೇಯಿಸಿ ತಿನ್ನಲಿ. ಮೊಸರನ್ನಕ್ಕೆ ಇವತ್ತು ಏನೇನು ಸೇರಿಸಬಹುದೆಂದು ಮಗುವನ್ನೇ ಕೇಳಿ. ರಂಗೋಲಿಯಲ್ಲಿ ಪುಸ್ತಕದ ಮಾದರಿ ಕೊಡುವ ಬದಲು ಮೂರರಂತೆ ಮೂರು ಸಾಲು, ಒಂಬತ್ತು ಚುಕ್ಕಿ ಇಟ್ಟು, ಎಳೆಯನ್ನು ಎಷ್ಟು ಬಗೆಯಲ್ಲಿ ಎಳೆಯಬಹುದು ನೋಡು ಎಂದು ಬಿಟ್ಟುಬಿಡಿ. ಗಂಡುಮಕ್ಕಳಿಗೂ ರಂಗೋಲಿ ಡಬ್ಬ ಕೊಡಿ, ಹೆಣ್ಣುಮಕ್ಕಳಿಗೂ ಸ್ಕ್ರೂ ಡ್ರೈವರ್ ಕೊಡಿ. ಕೆಟ್ಟುಹೋದ ಟಾರ್ಚು, ಗೋಡೆ ಗಡಿಯಾರ ಬಿಚ್ಚಿ ನೋಡಲು ಯಾರ ಅಪ್ಪಣೆಯೂ ಬೇಡ. ಮೊದಲು ಬ್ಯಾಟರಿ ತೆಗೆದಿಡಬೇಕು, ಅಷ್ಟೆ. ಪ್ಲಗ್ಗಿಗೆ ಹಾಕುವ ಯಂತ್ರಗಳು ಇದಕ್ಕೆ ಸಲ್ಲ.

ಮೈಸೂರು ಕಡೆಯ ನವರಾತ್ರಿ ಗೊಂಬೆ ಹಬ್ಬದಲ್ಲಿ ಮೆಟ್ಟಿಲುಗಳು ಅಮ್ಮ, ಅಜ್ಜಿಯ ಪಾಲಿಗಿದ್ದರೆ, ಕೆಳಗಿನ ಪಾರ್ಕು ಮಕ್ಕಳದ್ದು. ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ದಿನವೂ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಹಸಿರು ಹುಲ್ಲುಹಾಸು ಎದ್ದಿರುತ್ತದೆ. ಕನ್ನಡಿ ಮಲಗಿಸಿದರೆ ಕೆರೆ, ರಟ್ಟು ಮಡಿಸಿದರೆ ಬೆಟ್ಟ. ಅಲ್ಲಿ ಆನೆಯ ಪಕ್ಕ ಪ್ಲಾಸ್ಟಿಕ್ ಡೈನೋಸಾರ್ ನಿಂತಿದ್ದರೆ ದಯವಿಟ್ಟು ತೆಗೆಯಬೇಡಿ. ಬಂದವರೆದುರು ಮರ್ಯಾದೆ ಹೋಗುವುದಿಲ್ಲ. ಬಂದ ಮಕ್ಕಳು ಮೊದಲು ಕೂರುವುದೇ ಅಲ್ಲಿ.

ಕಥೆ ಹೇಳಿ, ಕಥೆ ಕೇಳಿ

ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ‘ದಿವಾಸ್ವಪ್ನ’ ಎಂಬ ಪುಸ್ತಕ ಬರೆದರು. ಅದರಲ್ಲಿ ಗಲಾಟೆಯ ತರಗತಿಯೊಂದನ್ನು ವಹಿಸಿಕೊಂಡ ಶಿಕ್ಷಕ ಪಠ್ಯ ಬದಿಗಿಟ್ಟು ಮೊದಲು ಕಥೆ ಹೇಳಲು ಕೂರುತ್ತಾನೆ. ಪಠ್ಯಪುಸ್ತಕ ಕೊಳ್ಳುವ ದುಡ್ಡಿನಲ್ಲಿ ಕಥೆ ಪುಸ್ತಕ ತರಿಸಿ ತರಗತಿಯಲ್ಲೇ ಗ್ರಂಥಾಲಯ ಮಾಡುತ್ತಾನೆ. ನಮ್ಮಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು, ಮಕ್ಕಳಿಗಾಗಿಯೇ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದರು. ಇವರಿಬ್ಬರೂ ಮಕ್ಕಳ ಕುತೂಹಲವನ್ನು ದೊಡ್ಡವರ ವಿಷಯದಷ್ಟೇ ಗಂಭೀರವಾಗಿ ತೆಗೆದುಕೊಂಡವರು.

ಮನೆಯಲ್ಲಿ ಕಥೆ ಹೇಳುವುದಕ್ಕೆ ಅಭಿನಯ ಬೇಕಿಲ್ಲ. ಕಾಗಕ್ಕ ಗುಬ್ಬಕ್ಕನ ಕಥೆ ಎಲ್ಲರಿಗೂ ಗೊತ್ತು. ಮಳೆಗೆ ಕಾಗಕ್ಕನ ಸಗಣಿ ಮನೆ ಕರಗಿ, ಅವಳು ಗುಬ್ಬಕ್ಕನ ಬಾಗಿಲು ಬಡಿಯುವಲ್ಲಿಗೆ ನಿಲ್ಲಿಸಿ. ಗುಬ್ಬಕ್ಕ ತಕ್ಷಣ ಬಾಗಿಲು ತೆಗೆದಿದ್ದರೆ? ಕಾಗಕ್ಕ ಛತ್ರಿ ತಂದಿದ್ದರೆ? ಕಥೆಯನ್ನು ಗುಬ್ಬಕ್ಕನ ಮರಿ ಹೇಳಿದರೆ ಹೇಗಿರುತ್ತದೆ? ಮೊದಲೆರಡು ದಿನ ಮಗು ‘ನೀನೇ ಹೇಳು’ ಎನ್ನುತ್ತದೆ. ಆಮೇಲೆ ಬಿಡುವುದಿಲ್ಲ. ಬೇಕೆಂದೇ ತಪ್ಪು ಹೇಳುವುದೂ ಒಂದು ಉಪಾಯ. ‘ಆನೆ ಮರ ಹತ್ತಿತು’ ಎಂದರೆ ಮಗು ತಿದ್ದುತ್ತದೆ, ತಿದ್ದುತ್ತ ತಿದ್ದುತ್ತ ಆನೆಗೆ ಏಣಿ ತಂದುಕೊಡುತ್ತದೆ.

ಮಗು ಹೇಳಿದ ಕಥೆಯನ್ನು ಬರೆದಿಟ್ಟುಕೊಳ್ಳಿ. ಅದರ ಮಾತಿನಲ್ಲೇ ಬರೆಯಿರಿ; ‘ಹೋಗಿತ್ತು’ ಬದಲು ‘ಹೋಗಿತ್ತಂತೆ ಕಣಪ್ಪ’ ಎಂದರೆ ಹಾಗೇ ಇರಲಿ. ಧಾರವಾಡದ ಮಗು ‘ಬಂದ್ವು ನೋಡ್ರಿ’ ಎಂದರೆ ಅದೇ ಸೊಗಸು. ಇದಕ್ಕೊಂದು ಪುಟ್ಟ ಪುಸ್ತಕ ಮಾಡಬಹುದು. ಎ4 ಹಾಳೆಯೊಂದನ್ನು ಮೂರು ಸಲ ಅರ್ಧಕ್ಕೆ ಮಡಿಸಿ ಬಿಡಿಸಿದರೆ ಎಂಟು ಮನೆಗಳ ಗುರುತು ಬೀಳುತ್ತದೆ. ಈಗ ಉದ್ದವನ್ನು ಅರ್ಧ ಮಾಡಿ ಅಡ್ಡಕ್ಕೆ ಒಮ್ಮೆ ಮಡಿಸಿ, ಮಡಿಕೆಯ ಅಂಚಿನಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಬಿಚ್ಚಿದರೆ ಹಾಳೆಯ ನಡುವೆ ಸೀಳು ಇರುತ್ತದೆ. ಉದ್ದಕ್ಕೆ ಮಡಿಸಿ ಎರಡು ತುದಿ ಹಿಡಿದು ಒಳಕ್ಕೆ ತಳ್ಳಿದರೆ ಸೀಳು ಅರಳಿ, ಪುಟಗಳು ಒಂದರ ಮೇಲೊಂದು ಕೂತು, ಹೊಲಿಗೆಯೂ ಅಂಟೂ ಇಲ್ಲದ ಎಂಟು ಪುಟದ ಪುಸ್ತಕವಾಗುತ್ತದೆ. ಮುಖಪುಟದಲ್ಲಿ ಲೇಖಕರ ಹೆಸರು ದೊಡ್ಡದಾಗಿ ಬರಲಿ. ಅಮೆರಿಕ, ಕೊಲ್ಲಿ ದೇಶಗಳಲ್ಲಿರುವ ಕನ್ನಡದ ಮೊಮ್ಮಕ್ಕಳಿಗೂ ಈ ಕಥೆಯ ಆಟ ಹೇಳಿಮಾಡಿಸಿದ್ದು. ವಿಡಿಯೊ ಕರೆಯಲ್ಲಿ ‘ಊಟ ಆಯ್ತಾ, ಸ್ಕೂಲ್ ಹೇಗಿದೆ’ ಮುಗಿದ ಮೇಲೆ ಮಾತಿಗೆ ಬರ ಬರುತ್ತದೆ. ಅಜ್ಜ ಇಲ್ಲಿ ಅರ್ಧ ಕಥೆ ಹೇಳಿ, ಮೊಮ್ಮಗಳು ಅಲ್ಲಿಂದ ಮುಂದಿನ ವಾರ ಉಳಿದದ್ದನ್ನು ಹೇಳಿದರೆ ಕನ್ನಡವೂ ಉಳಿಯಿತು, ಕಥೆಯೂ ಬೆಳೆಯಿತು.

ಓದಲು ಪುಸ್ತಕ ಸಿಗುವುದಿಲ್ಲ ಎಂಬ ಮಾತು ಈಗ ಅಷ್ಟಾಗಿ ನಿಲ್ಲದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು. ಅಲ್ಲಿನ ಚಿತ್ರಗಳನ್ನಿಟ್ಟುಕೊಂಡು ಹೊಸ ಕಥೆ ಬರೆಯುವ ಸೌಕರ್ಯವೂ ಇದೆ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತಿದೆ.

‘ಬೋರ್ ಆಗ್ತಿದೆ’

ರಜೆಯ ಮೂರನೇ ದಿನ ಈ ಮಾತು ಬಂದೇ ಬರುತ್ತದೆ. ಆಗ ಮೊಬೈಲ್ ಕೊಟ್ಟುಬಿಟ್ಟರೆ ಮಗು ಏನನ್ನಾದರೂ ಹುಡುಕಿಕೊಳ್ಳುವ ಮೊದಲೇ ಹುಡುಕಾಟ ಮುಗಿಯುತ್ತದೆ. ‘ಹೌದಾ, ಏನು ಮಾಡ್ತೀಯ ನೋಡು’ ಎಂದು ನಿಮ್ಮ ಕೆಲಸ ಮುಂದುವರಿಸಿ. ಅರ್ಧ ಗಂಟೆ ಗೊಣಗಾಟ, ಬಾಗಿಲು ಬಡಿಯುವುದು, ತಮ್ಮನ ಜೊತೆ ಜಗಳ ಎಲ್ಲ ನಡೆಯುತ್ತದೆ. ಆಮೇಲೆ ಮಂಚದ ಕೆಳಗೆ ಹಳೆ ಸೀರೆಯ ಡೇರೆ ಏಳುತ್ತದೆ. ಆ ಅರ್ಧ ಗಂಟೆಯನ್ನು ತಡೆದುಕೊಳ್ಳುವ ಶಕ್ತಿ ನಮಗೆ ಬೇಕು. ಎದ್ದ ಡೇರೆಯನ್ನು ರಾತ್ರಿಯೇ ಕಿತ್ತು ಮಡಿಸಿಡಬೇಡಿ. ಒಂದೆರಡು ದಿನ ಅಲ್ಲೇ ಇರಲಿ, ಬೆಳಿಗ್ಗೆ ಎದ್ದು ಮಗು ಅದಕ್ಕೊಂದು ಅಡುಗೆಮನೆ ಸೇರಿಸಲಿದೆ.

ಪರದೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಸ್ಪಷ್ಟವಾಗಿದೆ: ಎರಡು ವರ್ಷ ತುಂಬುವ ಮೊದಲು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ದೊಡ್ಡ ಮಕ್ಕಳಾದರೆ ನೋಡುವುದಕ್ಕಿಂತ ಮಾಡುವುದಕ್ಕೆ ಮೊಬೈಲ್ ಬಳಸಲಿ. ಅಜ್ಜಿಯ ಕಥೆಯ ಧ್ವನಿಮುದ್ರಣ, ಮಣ್ಣಿನ ಗೊಂಬೆಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ ತೆಗೆದ ಫೋಟೊಗಳ ಸಿನಿಮಾ, ಇಂಥವು.

ಇಬ್ಬರೂ ದುಡಿಯುವ ಮನೆಯವರು ಇಷ್ಟೆಲ್ಲ ಆಗದೆಂದು ಹೆದರಬೇಕಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ಫೋನ್ ಬದಿಗಿಟ್ಟು, ಮಗು ಹೇಳಿದ ಆಟ ಮಗು ಹೇಳಿದ ಹಾಗೆ ಆಡಿದರೆ ಸಾಕು. ನೀವು ರೋಗಿ ಎಂದರೆ ಮಲಗಿ, ಇಂಜೆಕ್ಷನ್ ಚುಚ್ಚಿಸಿಕೊಳ್ಳಿ. ಭಾನುವಾರ ಮಧ್ಯಾಹ್ನವೊಂದನ್ನು ಮಾತ್ರ ಟ್ಯೂಷನ್, ಮಾಲ್, ನೆಂಟರು ಯಾವುದೂ ಇಲ್ಲದೆ ಖಾಲಿ ಬಿಡಿ.

ಶಿಬಿರಕ್ಕೆ ಸೇರಿಸುವ ಮುನ್ನ

ಬೇಸಿಗೆ ಶಿಬಿರಗಳು ಎಲ್ಲವೂ ಒಂದೇ ಅಲ್ಲ. ಬಿ.ವಿ. ಕಾರಂತರು ಮಕ್ಕಳೊಡನೆ ಮಾಡಿದ ರಂಗಭೂಮಿ ಕೆಲಸದ ಪರಂಪರೆ ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ಮುಂದುವರಿದಿದೆ. ಹಾಡುತ್ತ, ಕುಣಿಯುತ್ತ, ಮುಖವಾಡ ಕಟ್ಟುತ್ತ ಗುಂಪಿನಲ್ಲಿ ಬೆಳೆಯುವ ಅನುಭವ ಮನೆಯಲ್ಲಿ ಸಿಗುವಂಥದ್ದಲ್ಲ. ನಿಮ್ಮೂರಿನ ಶಿಬಿರವನ್ನು ಅಳೆಯಲು ನನ್ನ ಬಳಿ ಇರುವ ಪರೀಕ್ಷೆ ಸರಳ. ಕೊನೆಯ ದಿನದ ಪ್ರದರ್ಶನದಲ್ಲಿ ನಲವತ್ತು ಮಕ್ಕಳ ನಲವತ್ತು ನವಿಲುಗಳೂ ಒಂದೇ ಥರ ಇದ್ದರೆ ಅಲ್ಲಿ ಕೆಲಸ ಮಾಡಿದ್ದು ಮೇಷ್ಟ್ರು. ಒಂದು ನವಿಲಿಗೆ ಮೂರು ಕಾಲಿದ್ದು, ಇನ್ನೊಂದು ಕಪ್ಪಗಿದ್ದು, ಮತ್ತೊಂದು ಅರ್ಧಕ್ಕೇ ನಿಂತಿದ್ದರೆ ಧೈರ್ಯವಾಗಿ ಸೇರಿಸಿ.

ಮತ್ತೊಂದು ಕೋರಿಕೆ. ಮಕ್ಕಳ ಕೆಲಸವನ್ನು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಿ. ಕೆಲವನ್ನು ಅವರು ತೋರಿಸಲು ಮಾಡಿರುತ್ತಾರೆ, ಕೆಲವನ್ನು ತಮಗಾಗಿಯೇ ಮಾಡಿಕೊಂಡಿರುತ್ತಾರೆ. ಬೇಡ ಎಂದರೆ ಹಾಕಬೇಡಿ. ಮಾಡಿದ್ದರ ಹಿಂದೆ ದಿನಾಂಕ ಬರೆದು ಒಂದು ಫೈಲಿನಲ್ಲಿ ಜೋಡಿಸಿಡಿ. ವರ್ಷ ಕಳೆದ ಮೇಲೆ ಅದನ್ನು ತೆರೆದು ನೋಡುವ ಹಕ್ಕು ಮೊದಲು ಅವರದು.